ಇನ್ನೊಂದು ಪ್ರತಿ

“ಎರಡೂ ಒಂದ ಮನ್ಯಾಗ ಇಟ್ರ ಏನೂ ಉಪಯೋಗಿಲ್ರಿ, ಅಕ್ಕಾರ,” ಎಂದ ಗೋಕುಲ ರಸ್ತೆಯ ಕಂಪ್ಯೂಟರ್ ಅಂಗಡಿಯ ಗುರುಬಸವ. “ಕಳವಾತು, ಬೆಂಕಿ ಬಿತ್ತು ಅಂದ್ರ ಎರಡೂ ಹೋಗ್ತಾವ. ಒಂದನ್ನ ಬ್ಯಾರೆ ಮನ್ಯಾಗ ಇಡ್ರಿ.”

ರಜನಿ ಎರಡು ಹಾರ್ಡ್ ಡಿಸ್ಕುಗಳನ್ನೂ ಒಂದರ ಮೇಲೊಂದಿಟ್ಟು, ಮಗುವಿಗೆ ಹೊದಿಸುವಂತೆ ಅಂಗೈಯಿಂದ ಮುಚ್ಚಿದಳು. ಎರಡರ ಒಳಗೂ ಇದ್ದವಳು ಇಂಚರಾ. ಐದು ವರ್ಷದ ಫೋಟೊ, ವಿಡಿಯೊ, ಹಲ್ಲು ಬಿದ್ದ ಬಾಯಿಯ ಹಾಡು. ಜ್ವರದಲ್ಲಿ ಮಗಳು ಹೋಗಿ ಎರಡು ವರ್ಷವಾಗಿತ್ತು. ಆಸ್ಪತ್ರೆಗೆ ನಾಳೆ ಹೋಗೋಣ ಎಂದಿದ್ದ ಗಂಡನ ಮುಖ ನೋಡಲಾರದೆ ಅವಳು ಬೈರಿದೇವರಕೊಪ್ಪದ ಮನೆ ಬಿಟ್ಟಿದ್ದಳು, ಕಂಪ್ಯೂಟರನ್ನು ಹೊತ್ತುಕೊಂಡೇ. ಒಂದೇ ಒಂದು ಫೋಟೊ ಕೊಡು ಎಂದು ಅವನು ಬಾಗಿಲಿಗೆ ಬಂದಾಗ ಚಿಲಕ ತೆಗೆದಿರಲಿಲ್ಲ.

“ಕ್ಲೌಡ್ ಬ್ಯಾಡ, ಎಲ್ಲಿರ್ತೈತೋ ಗೊತ್ತಿಲ್ಲ ಅಂದ್ರಿ. ಹಂಗಾರ ನಿಮ್ಮಷ್ಟ ಜ್ವಾಪಾನ ಮಾಡೋರು ಯಾರರ ಅದಾರೇನ್ರಿ?”

ಅಕ್ಕನಿಗೆ ಕೊಟ್ಟರೆ ಟ್ರಂಕಿಗೆ ಹಾಕಿ ಮರೆತುಬಿಡುತ್ತಾಳೆ. ಅವ್ವನಂತೂ, ಇನ್ನ ಸಾಕು ಮಾಡವಾ, ಎನ್ನುತ್ತಾಳೆ. ರಜನಿ ಅಂಗೈ ಎತ್ತಿ, ಮೇಲಿನ ಡಿಸ್ಕನ್ನು ಮೆಲ್ಲಗೆ ಅವನತ್ತ ಸರಿಸಿದಳು.

“ಇದನ್ನ ಒಂದು ಛಲೋ ಡಬ್ಬ್ಯಾಗ ಹಾಕಿ ಕೊಡ್ರಿ. ಬೈರಿದೇವರಕೊಪ್ಪಕ್ಕ ಮುಟ್ಟಿಸಬೇಕು.”

ಗುರುಬಸವ ಡಬ್ಬಿಗೆ ಚೀಟಿ ಅಂಟಿಸಿ ಪೆನ್ನು ಹಿಡಿದ. “ಏನಂತ ಹೆಸರು ಬರೀಲ್ರಿ?”

ಎರಡು ವರ್ಷದಿಂದ ಆ ಹೆಸರನ್ನು ಅವಳು ಬಾಯಿಗೆ ತಂದಿರಲಿಲ್ಲ. ಈಗಲೂ ಬರಲಿಲ್ಲ.

“ಇಂಚರಾನ ಅಪ್ಪ,” ಎಂದಳು. “ಹಂಗಂತ ಬರೀರಿ.”