ಹೇಮಾವತಿಗೆ ತಂದ ಬಾಗಿನ

ಗೌರಿ ಹಬ್ಬಕ್ಕೆ ಹೆಂಡತಿ ಹೊಸ ಮೊರಗಳಿಗೆ ಅರಿಶಿನ ಸವರುವಾಗ, ಆ ವಾಸನೆಗೆ ನನಗೆ ಈಗಲೂ ಒಂದು ದೋಣಿ ನೆನಪಾಗುತ್ತದೆ.

ಹೊಳೆನರಸೀಪುರದಿಂದ ಅಜ್ಜಿಯನ್ನು ಮೊದಲ ಸಲ ಸಮುದ್ರ ತೋರಿಸಲು ಕರೆದೊಯ್ದಿದ್ದೆವು. ಬೆಳಿಗ್ಗೆ ವ್ಯಾನಿನಲ್ಲಿ ಬಾರ್ಕೂರಿನ ಹಳೇ ಕೋಟೆ, ಬಸದಿ ಸುತ್ತಿ, ಮಧ್ಯಾಹ್ನ ಮಲ್ಪೆಯಲ್ಲಿ ದೋಣಿ ಹತ್ತಿದೆವು. ಕೋಟೆಯನ್ನು ಅಜ್ಜಿ ಕಣ್ಣೆತ್ತಿಯೂ ನೋಡಿರಲಿಲ್ಲ. ದಡ ದೂರವಾದ ಮೇಲೆ, ಮಡಿಲಲ್ಲಿದ್ದ ಚೀಲದಿಂದ ಅರಿಶಿನ ಮೆತ್ತಿ ದಾರ ಸುತ್ತಿದ ಜೋಡಿ ಮೊರ ತೆಗೆದಳು. ಒಳಗೆ ಬಳೆಗಳು ಸದ್ದು ಮಾಡಿದವು.

“ನಮ್ಮ ಏಮಾವತಿ ಬಂದು ಸೇರ್ಕಂಡಿರೋ ಮನೆ ಕಣ್ಲಾ ಇದು. ತೌರಿನ ಬಾಗಿನ ತಂದಿವ್ನಿ,” ಎಂದಳು.

“ಇಲ್ಲ ಅಜ್ಜಿ, ನಮ್ಮ ಹೊಳೆ ಕಾವೇರಿಗೆ ಸೇರಿ ಪೂರ್ವದ ಸಮುದ್ರಕ್ಕೆ ಹೋಗ್ತದೆ. ಇದು ಬೇರೆ,” ಎಂದೆ ನಾನು, ಐದನೇ ಕ್ಲಾಸಿನವನು. ಅಪ್ಪ ನಕ್ಕು ನನ್ನ ಬೆನ್ನು ತಟ್ಟಿದ.

ಅಜ್ಜಿ ನೀರಿನ ಮೇಲೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಓದಿರೋನು, ಸದ್ಯ ಏಳ್ದೆ. ಆ ಕಡೆ ಸಮುದ್ರುಕ್ಕೆ ಓದಾಗ ಬುಟ್ರಾಯ್ತು,” ಎನ್ನುತ್ತ ಮೊರಕ್ಕೆ ಸಿಡಿದ ಉಪ್ಪುನೀರನ್ನು ಸೆರಗಿನಿಂದ ಒರೆಸಿದಳು.

ಅವಳು ತೀರಿಕೊಂಡ ಮೇಲೆ ಅಟ್ಟ ಗುಡಿಸುವಾಗ ಆ ಜೋಡಿ ಮೊರ ಸಿಕ್ಕಿತು. ದಾರ ಬಿಚ್ಚಿರಲಿಲ್ಲ.