ಅಂಬಿಕಾಳ ತಂತಿ

ಶುಕ್ರವಾರ ಮಧ್ಯಾಹ್ನ ಪರ್ವೇಜ್ ನಮಾಜಿಗೆ ಹೋಗಿದ್ದಾನೆಂದೇ ಎಲ್ಲರೂ ತಿಳಿದಿದ್ದರು. ಅವನು ಪರೀಕ್ಷಾ ಕೋಣೆಯಲ್ಲಿದ್ದ. ಎದುರಿಗೆ ಎರಡು ತಂತಿಗಳು. ಒಂದೇ ಉದ್ದ, ಒಂದೇ ಬೂದು ಬಣ್ಣದ ಹೊದಿಕೆ. ಒಂದಕ್ಕೆ ಕಟ್ಟಿದ ಚೀಟಿಯಲ್ಲಿ ‘ಪರ್ವೇಜ್’, ಇನ್ನೊಂದರಲ್ಲಿ ‘ಅಂಬಿಕಾ’. ದಾರ ಬಿಚ್ಚಿದ, ಗಂಟು ಅವನೆಣಿಸಿದ್ದಕ್ಕಿಂತ ಸಡಿಲವಾಗಿತ್ತು. ಚೀಟಿಗಳನ್ನು ಅದಲುಬದಲು ಮಾಡಿ ಮತ್ತೆ ಕಟ್ಟಿದ. ಅರ್ಧ ನಿಮಿಷದ ಕೆಲಸ.

ಎದೆಯಲ್ಲಿ ಕೂರಿಸುವ ಪೇಸ್‌ಮೇಕರಿನಿಂದ ಹೃದಯದವರೆಗೆ ಕರೆಂಟು ಒಯ್ಯುವ ತಂತಿಗೆ ಲೀಡ್ ಎನ್ನುತ್ತಾರೆ. ಕೈ ಎತ್ತಿದಾಗಲೆಲ್ಲ ಅದು ಕೊರಳೆಲುಬಿನ ಕೆಳಗೆ ಬಾಗುತ್ತದೆ. ಬಾಗಿ ಬಾಗಿ ಒಂದು ದಿನ ತುಂಡಾದರೆ ಮುಗಿಯಿತು. ತುಂಡಾಗದ ಲೀಡ್ ವಿನ್ಯಾಸ ಮಾಡುವುದೇ ಕಲಬುರಗಿಯ ಐವಾನ್-ಎ-ಶಾಹಿ ಹತ್ತಿರದ ಜಗದೇವಪ್ಪನವರ ಪುಟ್ಟ ಕಂಪನಿಯ ಕೆಲಸ. ಪರ್ವೇಜನದು ನಾಲ್ಕೆಳೆಯ ಸುರುಳಿ, ಅಂಬಿಕಾಳದು ಎರಡೆಳೆಯದು. ಯಂತ್ರವೊಂದು ಎರಡನ್ನೂ ಬಿಡುವಿಲ್ಲದೆ ಬಾಗಿಸುತ್ತದೆ. ಕೊನೆಯವರೆಗೆ ಉಳಿದದ್ದರ ನಕ್ಷೆಯೇ ಮುಂದೆ ಕಾರ್ಖಾನೆಗೆ. ಅದನ್ನು ಮಾಡಿದವರೇ ವಿನ್ಯಾಸ ವಿಭಾಗದ ಮುಖ್ಯಸ್ಥರು. ಒಳಗಿನ ಸುರುಳಿ ಯಾರದೆಂದು ಸಿಗಿದರಷ್ಟೇ ಗೊತ್ತಾಗುವುದು. ಗೆದ್ದ ತಂತಿಯನ್ನು ಯಾರು ಸಿಗಿಯುತ್ತಾರೆ?

ಅಂಬಿಕಾ ಗೆಲ್ಲುತ್ತಾಳೆ ಎನ್ನುವುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಕಾಲೇಜಿನ ನಾಲ್ಕೂ ವರ್ಷ ಅವಳೇ ಮೊದಲು, ಅವನು ಎರಡನೆಯವನು. ಅವಳು ಡಬ್ಬಿಯಿಂದ ಶೇಂಗಾ ಹೋಳಿಗೆ ತೆಗೆದುಕೊಟ್ಟರೆ ಅದೂ ಅವನ ಬಾಯಿಗೆ ಕಹಿ. ರೋಜಾ ಬಡಾವಣೆಯ ಮನೆಗೆ ಹೋದರೆ ತಾಯಿ ಸಕೀನಾಳ ಮೊದಲ ಪ್ರಶ್ನೆ, ಅಂಬಿಕಾ ಏನು ಮಾಡಿದಳು ಎಂದು. ಅವಳ ಮೇಜಿನ ಮೇಲೆ ಆ ಎರಡೆಳೆಯ ಚಿತ್ರ ನೋಡಿದ ದಿನವಂತೂ ಅವನಿಗೆ ಅನ್ನ ಸೇರಿರಲಿಲ್ಲ. ಅಷ್ಟು ಸರಳ. ತನಗೇಕೆ ಹೊಳೆಯಲಿಲ್ಲ?

ಅವಳೂ ಒಮ್ಮೆ ಅವನ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದಳು. “ನಿಂದು ಭಾಳ ಚಲೋ ಅದ,” ಎಂದಿದ್ದಳು. ಅಣಕಿಸುತ್ತಿದ್ದಾಳೆ ಎಂದುಕೊಂಡ. ಈ ಶುಕ್ರವಾರ ಅವಳು ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದದ್ದೂ ಅವನ ಕಣ್ಣು ಕುಕ್ಕಿತ್ತು. ಗೆಲ್ಲುವವಳಿಗೆ ಅವಸರ!

ಇಪ್ಪತ್ತು ದಿನ ಕಳೆದ ಮೇಲೆ ‘ಅಂಬಿಕಾ’ ಚೀಟಿಯ ತಂತಿ ತುಂಡಾಯಿತು. ‘ಪರ್ವೇಜ್’ ಚೀಟಿಯದು ಬಾಗುತ್ತಲೇ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಬಿಕಾ ಮಾತ್ರ ಬಿಳಿಚಿಕೊಂಡು ಯಂತ್ರವನ್ನೇ ದಿಟ್ಟಿಸುತ್ತಿದ್ದಳು.

“ನಿನ್ನ ಹೆಸರು ಗೆದ್ದದ, ಪರ್ವೇಜ್,” ಎಂದಳು.

ಹೆಸರು! ಇವಳಿಗೆ ಗೊತ್ತಾಗಿದೆಯೇ?

ಗೆಲುವು ರುಚಿಸಲಿಲ್ಲ. ಚಪ್ಪಾಳೆ ಬಿದ್ದದ್ದು ತನಗೆ, ತಾಳಿದ್ದು ಅವಳ ತಂತಿ. ಕೊನೆಗೂ ಅವಳೇ ಮೊದಲು. ತಾನು ಎರಡನೆಯವನು ಎನ್ನುವುದು ಈಗ ತನಗೊಬ್ಬನಿಗೇ ಗೊತ್ತು ಎನ್ನುವುದು ಇನ್ನಷ್ಟು ಉರಿಸುತ್ತಿತ್ತು.

ವಾರದ ನಂತರ ಜಗದೇವಪ್ಪ ಅವನನ್ನು ಕಮಲಾಪುರಕ್ಕೆ ಕಳಿಸಿದರು. ಅಲ್ಲಿ ಸೂಗಮ್ಮ ಎಂಬಾಕೆಗೆ ಹಳೆಯ ಲೀಡ್ ತುಂಡಾಗಿ ಬೇರೆ ಹಾಕಿದ್ದರು. ಆಕೆ ದಿನವೂ ಕೈಯನ್ನು ಹೇಗೆ ಆಡಿಸುತ್ತಾಳೆ ಎಂದು ಮುಖ್ಯಸ್ಥನಾದವನು ಕಣ್ಣಾರೆ ನೋಡಬೇಕಿತ್ತು.

ಅಂದು ಸಂತೆ. ಕೆಂಪು ಬಾಳೆಯ ಗೊನೆಗಳ ನಡುವೆ ಕುಳಿತಿದ್ದ ಸೂಗಮ್ಮ ಅವನೆದುರೇ ಎಡಗೈಯಿಂದ ಗೊನೆ ಎತ್ತಿಟ್ಟಳು.

“ಎತ್ತಬ್ಯಾಡ ಅಂದಿಲ್ಲೇನ್ರೀ ಡಾಕ್ಟರು?”

“ಅಂದಾರಪ್ಪ. ಎತ್ತಲಾರದ ಹೊಟ್ಟಿ ಹ್ಯಾಂಗ ತುಂಬತದ?” ಆಕೆ ನಕ್ಕಳು. “ಹಳೀದು ಹರದಾಗ ಒಲೀ ಮುಂದ ಬಿದ್ದೆ ನೋಡು. ಮಗಳು ನಾಗರತ್ನಾ ಇದ್ದಳು, ಎಳದು ಹಾಕಿದಳು. ಇಲ್ಲಂದ್ರ ಸುಟ್ಟು ಬೂದಿ. ಈಗ ಅಕಿಗೂ ಇದss ಜಡ್ಡು ಅಂತ. ಮೂರ್ನಾಕು ವರ್ಷದಾಗ ಎದಿಯೊಳಗ ಡಬ್ಬಿ ಕೂಡ್ರಸಬೇಕಂತ.”

ಆಕೆ ಒಂದು ಹಣ್ಣು ಮುರಿದು ಅವನ ಕೈಯಲ್ಲಿಟ್ಟಳು.

“ಹೊಸಾ ತಂತಿ ಮಾಡೋನು ನೀನೇ ಅಂತಲ್ಲ? ಗಟ್ಟಿ ಅದ ಹೌದಿಲ್ಲೋ ಮಗಾ?”

ಪರ್ವೇಜ್ ಹಣ್ಣನ್ನು ಕೈಯಲ್ಲಿ ತಿರುಗಿಸಿದ. ಗೆದ್ದ ಚೀಟಿಯ ಹೆಸರಿನಲ್ಲಿ ಕಾರ್ಖಾನೆಗೆ ಹೋಗಿರುವುದು ತನ್ನ ನಾಲ್ಕೆಳೆಯ ನಕ್ಷೆ. ಯಂತ್ರದಲ್ಲಿ ತುಂಡಾದದ್ದು ಅದೇ. ಸುಮ್ಮನಿದ್ದರೆ ನಾಳೆ ಅದೇ ತಂತಿ ನಾಗರತ್ನಾಳ ಎದೆಯಲ್ಲಿ ಬಾಗುತ್ತದೆ. ಹಣ್ಣನ್ನು ಸುಲಿಯದೆ ಚೀಲಕ್ಕೆ ಹಾಕಿಕೊಂಡು ಎದ್ದ.

ಸಂಜೆಯ ಬಸ್ಸಿನಲ್ಲಿ ಕಲಬುರಗಿಗೆ ಬಂದವನು ಮನೆಗೆ ಹೋಗಲಿಲ್ಲ. ನೇರ ಜಗದೇವಪ್ಪನವರ ಕೋಣೆಗೆ ನುಗ್ಗಿದ.

“ಸರ್, ನಕ್ಷೆ ವಾಪಸ್ ತರಸ್ರಿ. ಗೆದ್ದದ್ದು ನಂದಲ್ಲ, ಅಂಬಿಕಾಂದು. ಚೀಟಿ ನಾನು ಬದಲಿ ಮಾಡೀನಿ. ಹೊಟ್ಟಿಕಿಚ್ಚು ಸರ್, ಮತ್ತೇನಿಲ್ಲ. ನೌಕರಿಯಿಂದ ತೆಗೀರಿ, ನಡೀತದ. ಆದ್ರ ಅದನ್ನ ಯಾರ ಎದಿಯೊಳಗೂ ಹಾಕಬ್ಯಾಡ್ರಿ.”

ಜಗದೇವಪ್ಪ ಸಿಟ್ಟಾಗಲಿಲ್ಲ. ಮೇಜಿನ ಖಾನೆಯಿಂದ ಗೆದ್ದ ತಂತಿಯನ್ನು ತೆಗೆದು ದೀಪದಡಿ ಇಟ್ಟರು. ಅದನ್ನು ಆಗಲೇ ಉದ್ದಕ್ಕೆ ಸಿಗಿದಾಗಿತ್ತು.

“ಎಣಸು,” ಎಂದರು.

ಪರ್ವೇಜ್ ಬಗ್ಗಿದ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಎಣಿಸಿದ. ನಾಲ್ಕೇ.

“ಇದು ನಂದು… ಹ್ಯಾಂಗ್ ಆಗ್ತದ ಸರ್? ನನ್ನ ಕೈಯಾರೆ ಬದಲಿ ಮಾಡೀನಿ!”

“ಮುಂಜಾನಿಂದ ನನಗೂ ಬಗೀಹರೀಲಾರದss ಕುಂತಿದ್ದೆ,” ಎನ್ನುತ್ತ ಜಗದೇವಪ್ಪ ಕನ್ನಡಕ ತೆಗೆದರು. “ಗೆದ್ದದ್ದು ನನ್ನ ತಂತಿ ಅಂತ ಅಂಬಿಕಾ ಅಳಕೋತ ಬಂದಿದ್ದಳು. ಅದಕ್ಕss ಸಿಗದು ನೋಡಿದೆ. ನೋಡಿದ್ರ ಒಳಗ ನಿಂದು.”

ಅವರು ಕನ್ನಡಕವನ್ನು ಮೇಜಿನ ಮೇಲಿಟ್ಟರು.

“ನೀನೇ ಗೆಲ್ತಿ ಅನ್ನೋ ಹೊಟ್ಟಿಕಿಚ್ಚಿಗೆ, ಆ ಶುಕ್ರವಾರ ಮುಂಜಾನೆ ಅಕಿನೂ ಚೀಟಿ ಬದಲಿ ಮಾಡಿದ್ದಳಂತ.”