ತಕರಾರು ಕೋಣೆ

ಮತದಾನದ ದಿನ ಬೆಳಗಿನ ಆರಕ್ಕೇ ಎಲ್ಲರ ಫೋನಿಗೂ ಸಂದೇಶ ಬಂದಿತ್ತು: ‘ನಿಮ್ಮ ಮನಸ್ಸು ತಿಳಿದು ನಿಮ್ಮ ಮತ ಹಾಕಲಾಗಿದೆ. ತಕರಾರಿದ್ದರೆ ಸಂಜೆ ಐದರೊಳಗೆ ಶಾಲೆಗೆ ಬನ್ನಿ.’

ಬೆಟಗೇರಿಯ ಶಾಲೆಯ ತಕರಾರು ಕೋಣೆಯಲ್ಲಿ ನೀಲಗಂಗಾ ಟೀಚರು ಒಬ್ಬರೇ ಕೂತಿದ್ದರು. ಕಳೆದೆರಡು ಚುನಾವಣೆಗಳಲ್ಲಿ ಇತ್ತ ನರಪಿಳ್ಳೆಯೂ ಸುಳಿದಿರಲಿಲ್ಲ. ಈ ಸಲವೂ ಯಾರೂ ಬರದಿದ್ದರೆ ಕೋಣೆಗೆ ಕಾಯಂ ಬೀಗವೆಂದು ಮೇಲಿನಿಂದ ಆದೇಶವಾಗಿತ್ತು.

ಇನ್ನೇನು ಐದಾಗಬೇಕು ಎನ್ನುವಾಗ ಮುದಿ ನೇಕಾರ ಫಕೀರಸಾ ಬಂದು, ಶಾಯಿ ಹಚ್ಚಲೆಂದು ಎಡಗೈ ತೋರುಬೆರಳು ಚಾಚಿದರು.

“ಏನ್ರಿ ಅಜ್ಜಾರ, ತಕರಾರು?”

“ತಕರಾರು ಏನಿಲ್ರಿ ಅಕ್ಕಾರ. ಮಷೀನ್ ಹಾಕಿದವರಿಗೇ ನಾನೂ ಹಾಕೋದು. ಆದ್ರ ನನ್ನ ಕೈಲೆ ಹಾಕ್ಬೇಕಾಗೇತಿ.”

“ಬ್ಯಾರೇ ಗುರುತು ಒತ್ತಿದ್ರಷ್ಟ ಈ ಮಷೀನ್ ತಗೋತೈತ್ರಿ. ಇಲ್ಲಾಂದ್ರ ಯಾರೂ ಬಂದಿಲ್ಲಂತ ನಾ ಬರೀಬೇಕು. ನಾಳೆ ಈ ಖೋಲಿ ಮುಚ್ತಾರ.”

ಅಜ್ಜ ಕೋಣೆಯ ಸುತ್ತ ಕಣ್ಣಾಡಿಸಿದರು. “ಖೋಲಿ ಉಳೀಲಿ ಬಿಡ್ರಿ,” ಎಂದು, ಜೀವಮಾನದಲ್ಲಿ ಎಂದೂ ಒತ್ತದ ಗುರುತನ್ನು ಒತ್ತಿದರು. ಟೀಚರು ಒಣಗಿದ ಶಾಯಿಗೆ ಎರಡು ಹನಿ ನೀರು ಬೆರೆಸಿ ಆ ಬೆರಳಿಗೆ ಹಚ್ಚಿದರು.

ಬಾಗಿಲು ದಾಟುವ ಮೊದಲೇ ಅಜ್ಜನ ಫೋನು ಸದ್ದು ಮಾಡಿತು. ಕನ್ನಡಕ ತಂದಿರಲಿಲ್ಲ, ಟೀಚರೇ ಓದಿ ಹೇಳಿದರು: ‘ನಿಮ್ಮ ಮನಸ್ಸು ಬದಲಾದದ್ದು ತಿಳಿಯಿತು. ಮುಂದಿನ ಸಲದಿಂದ ನಿಮ್ಮ ಮತ ಇಂದು ಒತ್ತಿದ ಗುರುತಿಗೇ ಹಾಕಲಾಗುವುದು.’

ಅಜ್ಜ ಒದ್ದೆ ಬೆರಳನ್ನು ಊದಿಕೊಂಡರು.

“ಹಂಗಾರ ಮುಂದಿನ ಸಲ ತಕರಾರು ಖರೇನ ಐತ್ರಿ,” ಎಂದರು. “ಅಲ್ಲೀತನಾ ನಾ ಇರಬೇಕಷ್ಟ.”